ನಕಲಿ ಮೇಲ್ಸೇತುವೆ

“ಇದು ನನ್ನದಲ್ಲ, ಅಕ್ಕ.”

ತಂಗಿ ನಿಂತಲ್ಲೇ ನಿಂತಿದ್ದಳು. ಗ್ಯಾಲರಿಯ ನಡುಗೋಡೆಯ ಮೇಲೆ ಅವಳ ‘ಮೇಲ್ಸೇತುವೆ’ ಚಿತ್ರ. ಆಳೆತ್ತರದ ಹಲಗೆ. ಸಿಮೆಂಟಿನ ಬೂದು, ಹರಿದ ಪೋಸ್ಟರ್ ಚೂರುಗಳು, ಅಡ್ಡಕ್ಕೂ ಉದ್ದಕ್ಕೂ ಕಪ್ಪು ಗೆರೆಗಳು. ಸಂಜೆ ಉದ್ಘಾಟನೆ. ವರ್ಷಗಟ್ಟಲೆ ಕಾದು ಸಿಕ್ಕಿದ ಮೊದಲ ಏಕವ್ಯಕ್ತಿ ಪ್ರದರ್ಶನ.

ಗ್ಯಾಲರಿಯ ಮಾಲೀಕ ನಕ್ಕ. “ನಿಮ್ಮ ತಂಗಿಗೆ ಗಾಬರಿ ಮೇಡಂ. ನಿನ್ನೆ ಬಂದ ಚಿತ್ರಾನೇ ಇದು.”

ಅಕ್ಕ ಪೊಲೀಸ್ ಇನ್ಸ್‌ಪೆಕ್ಟರ್. ಅವಳಿಗೆ ಈ ಚಿತ್ರಗಳ ತಲೆಬುಡ ತಿಳಿಯುತ್ತಿರಲಿಲ್ಲ. ತಂಗಿಯ ಮುಖ ತಿಳಿಯುತ್ತಿತ್ತು. ಅಲ್ಲಿ ಗಾಬರಿಯಿರಲಿಲ್ಲ. ಸಿಟ್ಟಿತ್ತು.

“ನಿನ್ನದಲ್ಲ ಅಂತ ಹೇಗೆ ಹೇಳ್ತೀಯ?”

“ಆ ಗೆರೆ ಮುಟ್ಟಿ ನೋಡು.”

ಅಕ್ಕ ಬೆರಳಾಡಿಸಿದಳು. ನುಣುಪಾಗಿತ್ತು.

“ನಾನು ಗೆರೆ ಎಳೆದೇ ಇಲ್ಲ. ಗಾರೆಯವರು ಗೋಡೆ ನೇರ ನೋಡೋಕೆ ದಾರ ಕಟ್ತಾರಲ್ಲ, ಅದನ್ನ ಡಾಂಬರಲ್ಲಿ ಅದ್ದಿ ಅಂಟಿಸಿದ್ದೆ. ಇಲ್ಲಿ ಯಾರೋ ಬಣ್ಣ ಬಳಿದಿದ್ದಾರೆ.”

“ಅಸಲಿ ಸಿಗದಿದ್ರೆ?”

“ಪ್ರದರ್ಶನವೇ ಬೇಡ. ಇದಕ್ಕೆ ನನ್ನ ಹೆಸರು ಹಾಕಲ್ಲ.”

* * *

ಚೌಕಟ್ಟು ಅಸಲಿ. ಅದರ ಹಿಂದಿನ ಸ್ಕ್ರೂಗಳನ್ನು ಯಾರೋ ಬಿಚ್ಚಿ ಮತ್ತೆ ಹಾಕಿದ ಗುರುತಿತ್ತು.

“ಬದಲಾಗಿದ್ದೇ ಆದ್ರೆ ಚೌಕಟ್ಟು ಕಟ್ಟಿದವನನ್ನ ಕೇಳಿ,” ಮಾಲೀಕ ಕಿವಿಯೂದಿದ. “ಚಿತ್ರ ವಾರವೆಲ್ಲ ಅವನ ಅಂಗಡೀಲೇ ಇತ್ತು.”

ಅಕ್ಕನಿಗೂ ಅದೇ ಅನುಮಾನ. ಕರೆಸಿದಳು.

“ಆ ದಾರಗಳಿಂದ ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ ಮೇಡಂ,” ಎಂದ ಚೌಕಟ್ಟಿನವನು. “ಒಂದು ಕಿತ್ತು ಬಂತು. ನಿಮ್ಮ ತಂಗಿ ಹಿಗ್ಗಾಮುಗ್ಗಾ ಬೈದ್ರು.”

“ಇನ್ನೂ ಬೈಬೇಕಿತ್ತು,” ಎಂದಳು ತಂಗಿ.

ಅಕ್ಕ ಗೋಡೆಯ ಮೇಲಿನ ನುಣುಪು ಗೆರೆಯನ್ನು ಮತ್ತೆ ಮುಟ್ಟಿದಳು. ಆಮೇಲೆ ತಂಗಿಯನ್ನು ಕೇಳಿದಳು. “ಅಸಲಿಯ ಫೋಟೋ ಯಾರ ಹತ್ರ ಇದೆ?”

“ಆಮಂತ್ರಣಕ್ಕೆ ಬೇಕು ಅಂತ ಈ ಮಾಲೀಕರು ತಿಂಗಳ ಹಿಂದೆ ತರಿಸಿಕೊಂಡ್ರು. ಬೇರೆ ಯಾರಿಗೂ ಕೊಟ್ಟಿಲ್ಲ.”

ಅಕ್ಕ ಮಾಲೀಕನತ್ತ ತಿರುಗಿದಳು. “ಸ್ಟೋರ್ ರೂಮ್ ತೆಗೀರಿ.”

“ಕೀಲಿ ಮನೇಲಿದೆ.”

“ಪರವಾಗಿಲ್ಲ. ಬೀಗ ಬಿಚ್ಚೋರು ನನಗೆ ಬೇಕಾದಷ್ಟು ಜನ ಗೊತ್ತು. ಎಲ್ಲರನ್ನೂ ನಾನೇ ಹಿಡಿದಿದ್ದು.”

ಕೀಲಿ ಅವನ ಜೇಬಿನಿಂದಲೇ ಬಂತು. ಮಡಚಿಟ್ಟ ಕುರ್ಚಿಗಳ ಹಿಂದೆ, ಕಂಬಳಿಯೊಳಗೆ ಅಸಲಿ ಹಲಗೆಯಿತ್ತು. ತಂಗಿ ಮೊದಲು ಒಂದೊಂದೇ ದಾರ ಸವರಿ ನೋಡಿದಳು.

“ನಕಲು ಮಾಡಿದವರು ಅಸಲಿಯನ್ನ ಕಣ್ಣಲ್ಲಿ ಕಂಡೇ ಇಲ್ಲ,” ಅಕ್ಕ ಹೇಳಿದಳು. “ಫೋಟೋದಲ್ಲಿ ದಾರ ಗೆರೆಯ ಹಾಗೆ ಕಾಣುತ್ತೆ. ಚೌಕಟ್ಟಿನವನು ಮಾಡಿಸಿದ್ರೆ ದಾರ ಮರೀತಿರಲಿಲ್ಲ, ಅದಕ್ಕೇ ಬೈಸಿಕೊಂಡಿದ್ದ. ಫೋಟೋ ನಂಬಿ ಮಾಡಿಸಿದವರು ನೀವೊಬ್ಬರೇ. ನಿನ್ನೆ ಬದಲಾಯಿಸುವಾಗ ದಾರ ಕಾಣಲಿಲ್ವಾ?”

ಮಾಲೀಕ ತಲೆ ತಗ್ಗಿಸಿದ. “ಕಂಡಿತು. ಅಸಲಿ ಬೇಕು, ದುಡ್ಡೆಲ್ಲ ನಿಮಗೇ ಅಂತ ಒಬ್ಬರು ಗುಟ್ಟಾಗಿ ಕೇಳಿದ್ರು. ಇಂಥ ಚಿತ್ರದಲ್ಲಿ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡೆ.”

“ಮಾಡಿದವಳಿಗೆ,” ಎಂದಳು ತಂಗಿ.

* * *

ಮಾರನೇ ದಿನ ಠಾಣೆಗೆ ಬರುವಂತೆ ಮಾಲೀಕನಿಗೆ ಹೇಳಿಯಾಗಿತ್ತು. ಸಂಜೆ ಪ್ರದರ್ಶನ ನಡೆಯಿತು. ಅಸಲಿ ಚಿತ್ರವಿದ್ದ ನಡುಗೋಡೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೂಲೆಯಲ್ಲಿದ್ದ ಅಕ್ಕನನ್ನು ಅತಿಥಿಯೊಬ್ಬರು ಗುರುತು ಹಿಡಿದರು.

“ನೀವು ಇನ್ಸ್‌ಪೆಕ್ಟರ್ ಅಲ್ವಾ?”

“ಅದು ಮತ್ತೆ ನಾಳೆಯಿಂದ,” ಎಂದಳು ಅವಳು. “ಇವತ್ತು ನಾನು ಅವಳ ಅಕ್ಕ.”