ಹದಿನಾಲ್ಕು ಪೌಂಡ್ ಸಾಕು

ಮಗಳು ಸತ್ತು ಹದಿಮೂರು ತಿಂಗಳಾದ ಮೇಲೆ, ಅವಳನ್ನು ಕೊಂದವನು ಕಾಗುವಾಸ್ ಪಟ್ಟಣದ ಮೆಕ್ಯಾನಿಕ್ ಎಲಾದಿಯೊನ ಗ್ಯಾರೇಜಿಗೇ ಬಂದು ನಿಂತ. ಕೊಂದ ಎನ್ನುತ್ತಿದ್ದವನು ಎಲಾದಿಯೊ ಒಬ್ಬನೇ. ಘಟ್ಟದ ತಿರುವಿನಲ್ಲಿ ಕಾರು ಉರುಳಿದ್ದು ಬರೀ ಅಪಘಾತ ಎಂದು ನ್ಯಾಯಾಲಯ ಹೇಳಿತ್ತು. ಪಕ್ಕದ ಸೀಟಿನಲ್ಲಿದ್ದ ನೆರೇಯ್ದಾ ಹೋದಳು. ಸ್ಟೇರಿಂಗ್ ಹಿಡಿದಿದ್ದ ಒತೋನಿಯೆಲ್‌ಗೆ ಒಂದು ಕೈ ಮುರಿಯಿತು, ಅಷ್ಟೆ. ಅವರ ಮದುವೆಗೆ ಆರು ವಾರ ಬಾಕಿಯಿತ್ತು.

"ಮಾವ, ಈ ಕಾರಿಗೆ ಸ್ವಲ್ಪ ಪವರ್ ಜಾಸ್ತಿ ಮಾಡ್ಕೊಡಿ. ಇಂಜಿನ್‌ಗೆ ಏನೂ ಆಗ್ಬಾರ್ದು. ನಿಮ್ಮನ್ನ ಬಿಟ್ಟು ಬೇರೆಯವರ ಕೈಗೆ ಕೊಡಲ್ಲ ನಾನು."

ಮಾವನಂತೆ! ಆದರೂ ಎಲಾದಿಯೊ ನಗುತ್ತ ಬಾನೆಟ್ ಎತ್ತಿದ.

ಮೂರು ದಿನ ಪ್ರಾಮಾಣಿಕವಾಗಿಯೇ ದುಡಿದ. ದೊಡ್ಡ ಪೆಟ್ರೋಲ್ ಪಂಪು, ಗಾಳಿ ತಣಿಸಲು ದೊಡ್ಡ ಇಂಟರ್‌ಕೂಲರ್, ಹೊಸ ಪ್ಲಗ್ಗುಗಳು. ಆಮೇಲೆ ಇಂಜಿನ್‌ಗೆ ಗಾಳಿ ತುಂಬುವ ಟರ್ಬೊದ ಒತ್ತಡವನ್ನು ಒಂದೊಂದೇ ಪೌಂಡ್ ಏರಿಸುತ್ತ, ಇಂಜಿನ್ ಒಳಗೆ ಬಡಿತ ಶುರುವಾಯಿತೇ ಎಂದು ಪ್ರತಿ ಸಲವೂ ಕಿವಿಗೊಟ್ಟು ಕೇಳಿದ.

ಪಕ್ಕದ ಟೈರ್ ಅಂಗಡಿಯ ಚೆಗೀಗೆ ತಾಳ್ಮೆ ಕೆಟ್ಟಿತು. "ಏರ್ಸೋ ಮಾರಾಯ! ಅಜ್ಜಿ ಹಾಲು ಕಾಯ್ಸ್ದಂಗೆ ಕಾಯ್ಸ್ತಾ ಕೂತಿದೀಯಲ್ಲ!"

"ಹದಿನಾಲ್ಕು ಪೌಂಡ್ ಸಾಕು. ಅದರ ಮೇಲೆ ಹೋದ್ರೆ ಜೀವಕ್ಕೆ ಕುತ್ತು," ಎಂದು ಎಲಾದಿಯೊ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಸಾಕ್ಷಿ ಸಿಕ್ಕಿತು.

ಆ ಹದಿನಾಲ್ಕರ ಲೆಕ್ಕವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಜೋಪಾನವಾಗಿಟ್ಟ. ಕಾರಿನ ಕಂಪ್ಯೂಟರಿಗೆ ತುಂಬಿದ್ದು ಬೇರೆಯದನ್ನು. ಊರೊಳಗೆ ಕಾರು ಹಸುವಿನಂತೆ ಸಾಧು. ಐದನೇ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿ ಹಿಡಿದರೆ ಮಾತ್ರ ಒತ್ತಡ ಇಪ್ಪತ್ತೆರಡಕ್ಕೆ ಜಿಗಿಯುತ್ತದೆ, ಪೆಟ್ರೋಲ್ ಕಡಿಮೆಯಾಗುತ್ತದೆ, ಇಂಜಿನ್ ಕಚ್ಚಿಕೊಂಡು ಚಕ್ರ ನಿಲ್ಲುತ್ತದೆ. ಭಾನುವಾರ ಒತೋನಿಯೆಲ್‌ನ ಗೆಳೆಯರ ಗುಂಪು ಸುಟ್ಟ ಹಂದಿ ತಿನ್ನಲು ಘಟ್ಟದ ಮೇಲೆ ಹೊರಡುತ್ತದೆ. ಆ ನೇರ ದಾರಿಯಲ್ಲಿ ಪೆಡಲ್ ಒತ್ತದವನು ಈ ದ್ವೀಪದಲ್ಲಿ ಹುಟ್ಟಿಲ್ಲ. ದಾರಿಯ ಕೊನೆಗೆ ಅದೇ ತಿರುವು. ಆಮೇಲೆ ಜನರೇ ಹೇಳುತ್ತಾರೆ: ಒತೋನಿಯೆಲ್‌ನ ಕೈ ಸುಮ್ಮನಿರುತ್ತದೆಯೇ, ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ತಾನೇ ಏರಿಸಿಕೊಂಡಿರಬೇಕು.

ಎಲಾದಿಯೊ ಕಾರಿನ ಕಂಪ್ಯೂಟರಿನಲ್ಲಿ ಕೆಲಸವನ್ನು ಸೇವ್ ಮಾಡಿದ, ಅಂಕಿಗಳ ಬೀಗ ಹಾಕಿದ, ವೈರು ಕಿತ್ತ. ಇಪ್ಪತ್ತಾರು ವರ್ಷದಿಂದ ಬೆರಳುಗಳಿಗೆ ಅದೇ ಅಭ್ಯಾಸ.

ಹೊರಡುವಾಗ ಒತೋನಿಯೆಲ್ ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದ. "ಆಶೀರ್ವಾದ ಮಾಡಿ, ಮಾವ."

ನೆರೇಯ್ದಾ ಮನೆ ಬಿಡುವಾಗಲೆಲ್ಲ ಹೀಗೇ ಕೇಳುತ್ತಿದ್ದಳು. ಕೊನೆಯ ದಿನವೂ ಕೇಳಿದ್ದಳು. ಆಶೀರ್ವಾದ ಕೇಳಿದವರಿಗೆ ಇಲ್ಲವೆನ್ನುವ ಹಾಗಿಲ್ಲ. "ದೇವರು ಒಳ್ಳೇದು ಮಾಡ್ಲಿ, ಮಗಾ," ಎಂದ ಎಲಾದಿಯೊ.

ಭಾನುವಾರ ಮಧ್ಯಾಹ್ನ ಸುದ್ದಿ ಬಂತು: ಅದೇ ತಿರುವಿನಲ್ಲಿ ಒತೋನಿಯೆಲ್ ಹೋದ. ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಬಾಗಿಲು ಹಾಕಿಕೊಂಡು ಅತ್ತ, ಯಾರಿಗಾಗಿ ಎಂದು ಅವನಿಗೇ ತಿಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಪೊಲೀಸ್ ಅಧಿಕಾರಿಣಿ ಆ ಕಾರಿನ ಕಂಪ್ಯೂಟರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಮನೆಗೇ ತಂದಳು. "ನಾನು ಕೊಟ್ಟಿದ್ದು ಹದಿನಾಲ್ಕೇ, ತಾಯಿ. ಅವನೇ ಕೈ ಹಾಕಿರ್ಬೇಕು," ಎಂದ ಎಲಾದಿಯೊ. ಅವಳು ತಲೆಯಾಡಿಸಿದಳು. "ಕೈ ಹಾಕಿರ್ಬಹುದು. ಆದ್ರೆ ಇದು ಆರು ಅಂಕಿ ಕೇಳ್ತಿದೆ. ಕೆಲಸ ಬೇರೆಯವರು ಕದೀಬಾರ್ದು ಅಂತ ನಿಮ್ಮಂಥ ಮೆಕ್ಯಾನಿಕ್‌ಗಳೇ ಬೀಗ ಹಾಕ್ತಾರಂತಲ್ಲ? ಬೀಗ ಹಾಕಿದೋನ್ನ ಬಿಟ್ಟು ಬೇರೆ ಯಾರೂ ಒಳಗಿಂದು ಬದಲಾಯ್ಸಕ್ಕಾಗಲ್ವಂತೆ." ಎಲಾದಿಯೊ ತನ್ನ ಬೆರಳುಗಳನ್ನೇ ನೋಡಿಕೊಂಡ. ಏನೂ ಅರಿಯದ ಹೆಂಡತಿ ಅವಿಲ್ದಾ ಕಾಫಿ ಹಿಡಿದು ಬಂದಳು. "ನಮ್ಮ ಹುಡುಗಿ ಹುಟ್ಟಿದ ದಿನ ಹಾಕಿ ನೋಡಮ್ಮಾ. ಇವರು ಎಲ್ಲದಕ್ಕೂ ಅದನ್ನೇ ಹಾಕೋದು. ಆಗಸ್ಟ್ ಹದಿನೇಳು, ತೊಂಬತ್ತೆಂಟು." ಎಷ್ಟೋ ತಿಂಗಳ ಮೇಲೆ ಮಗಳ ಹುಟ್ಟುಹಬ್ಬದ ಮಾತೆತ್ತಲು ಸಿಕ್ಕಿತೆಂದು ಅವಳ ಮುಖ ಅರಳಿತ್ತು. ಅಧಿಕಾರಿಣಿ ಅಂಕಿಗಳನ್ನು ಒತ್ತಿದಳು. ಬೀಗ ತೆರೆಯಿತು. ಪರದೆಯ ಮೇಲೆ ಇಪ್ಪತ್ತೆರಡು ಎಂದಿತ್ತು.