ನಾಲ್ಕನೇ ಮಹಡಿಯ ರಿವಾಲ್ವರ್

2025ರ ನವೆಂಬರ್ 11, ಮಂಗಳವಾರ. ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ಗೋಕಾಕದ ಠಾಣೆಗೆ ಬಂದ ಶಹನಾಜಬಿ ನದಾಫ ದೂರನ್ನು ಮನೆಯಲ್ಲೇ ಬರೆದುಕೊಂಡು ಬಂದಿದ್ದರು. ಎರಡು ಪುಟ, ನೀಲಿ ಶಾಯಿ, ಎಲ್ಲಿಯೂ ಚಿತ್ತು ಇರಲಿಲ್ಲ. ವಯಸ್ಸು ಐವತ್ತೆಂಟು. ಕೊಣ್ಣೂರ ರಸ್ತೆಯ ನಂದಾದೀಪ ಅಪಾರ್ಟ್‌ಮೆಂಟಿನ ನೆಲಮಹಡಿಯ ತಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು.

ಇನ್‌ಸ್ಪೆಕ್ಟರ್ ಅನ್ನಪೂರ್ಣಾ ಹಲಕರ್ಣಿ ದೂರನ್ನು ಎರಡು ಸಲ ಓದಿದರು.

"ಪಿಸ್ತೂಲ ಎಷ್ಟ ಸಲ ತೋರಿಸ್ಯಾರ್ರಿ?"

"ನನಗ ಮೂರು ಸಲ್ರಿ. ಕಡೀಕ ನಿನ್ನೆ. ಬಟ್ಟಿ ಕತ್ತರಸೋ ಟೇಬಲ್ ಮ್ಯಾಲ ಇಟ್ಟು, ಇನ್ನ ಹೊರಗಿನ ಹುಡಿಗ್ಯಾರು ಈ ಗೇಟ್ ದಾಟಬಾರದು ಅಂದ್ರು. ದಾಟಿದ್ರ ಮುಂದಿನದು ಇದು ಮಾತಾಡ್ತೈತಿ ಅಂದ್ರು."

"ಬೈದ್ರೇನು?"

"ಇಲ್ರಿ. ದನಿ ಸೈತ ಏರಸಲಿಲ್ಲ. ಅದಕ್ಕ ಹೆದರಿಕಿ ಬಂತ್ರಿ."

ಆ ವ್ಯಕ್ತಿಯ ಹೆಸರು ಸಿದ್ರಾಯ ಮಾಯಪ್ಪ ತೋಟಗಿ. ನಾಲ್ಕನೇ ಮಹಡಿಯ ನಿವಾಸಿ, ನಿವಾಸಿಗಳ ಸಂಘದ ಅಧ್ಯಕ್ಷ. ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಒಂದು ವರ್ಷದಿಂದ ಸೊಂಟಕ್ಕೆ ರಿವಾಲ್ವರ್ ಸಿಕ್ಕಿಸಿಕೊಂಡು ಲಿಫ್ಟ್, ಮೆಟ್ಟಿಲು, ಟೆರೇಸ್, ಪಾರ್ಕಿಂಗ್ ಎಲ್ಲ ಕಡೆ ಓಡಾಡುತ್ತಿದ್ದ. ಕೇಳಿದವರಿಗೆ ಲೈಸೆನ್ಸ್ ಇದೆ ಎನ್ನುತ್ತಿದ್ದ. ಶಹನಾಜಬಿಯ ತರಗತಿಗೆ ಬರುತ್ತಿದ್ದ ಹದಿನಾಲ್ಕು ಹೆಣ್ಣುಮಕ್ಕಳಲ್ಲಿ ಆ ದಿನ ಒಬ್ಬಳೂ ಬಂದಿರಲಿಲ್ಲ.

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಜೀವಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 351, ಲೈಸೆನ್ಸಿನ ಷರತ್ತು ಮುರಿದಿದ್ದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 30. ಕಾನ್‌ಸ್ಟೇಬಲ್ ಸತ್ತೆಪ್ಪನಿಗೆ ಒಂದು ಅನುಮಾನ ಉಳಿಯಿತು.

"ಮೇಡಂ, ಲೈಸನ್ಸ್ ಇದ್ರ ಇಟ್ಕೋಬಹುದಲ್ರಿ? ಅದೂ ತಮ್ಮ ಕಂಪೌಂಡಿನ್ಯಾಗ?"

"ತಮ್ಮ ಮನ್ಯಾಗ ಇಟ್ಕೊಳ್ಳಲಿ. ಹೊರಗ ಒಯ್ಯೂದಿದ್ರ ಕವಚದಾಗ ಮುಚ್ಚಿ ಒಯ್ಯಲಿ. ಲಿಫ್ಟು, ಮೆಟ್ಟಲಾ ಮೂವತ್ತೆರಡು ಮನಿಗೆ ಸೇರಿದ್ದು. ಇನ್ನೊಬ್ಬರ ಟೇಬಲ್ ಮ್ಯಾಲ ಪಿಸ್ತೂಲ ಇಟ್ಟು ಮಾತಾಡಾಕ ಸರಕಾರ ಯಾರಿಗೂ ಲೈಸನ್ಸ್ ಕೊಟ್ಟಿಲ್ಲ, ಸತ್ತೆಪ್ಪಾ."

ಅಂದು ಮಧ್ಯಾಹ್ನ ಸಿದ್ರಾಯ ಮೂಡಲಗಿಯ ಅಂಗಡಿಯಲ್ಲಿದ್ದಾಗ ಹೆಡ್ ಕಾನ್‌ಸ್ಟೇಬಲ್ ಯಾಸೀನ ಮತ್ತು ಸತ್ತೆಪ್ಪ ಸಾದಾ ಉಡುಪಿನಲ್ಲಿ ಅಪಾರ್ಟ್‌ಮೆಂಟಿಗೆ ಹೋದರು. ಹನ್ನೊಂದು ಮನೆಗಳ ಬಾಗಿಲು ತಟ್ಟಿದರು. ಹತ್ತು ಮನೆಗಳಲ್ಲಿ ಒಂದೇ ಉತ್ತರ: ನಾವೇನೂ ನೋಡಿಲ್ಲ. ಮೂರನೇ ಮಹಡಿಯ ಮುತ್ತಪ್ಪ ಮಾತ್ರ ಬಾಗಿಲನ್ನು ಅರ್ಧ ತೆರೆದು ನಿಂತರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು.

"ಅವ್ರ ಕಡೆ ಲೈಸನ್ಸ್ ಐತ್ರಿ. ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ಯಾರ. ನಾವೇನ ಮಾಡೂಣ?"

ಯಾಸೀನ ಆ ಚಿತ್ರವನ್ನು ತನ್ನ ಫೋನಿಗೆ ಹಾಕಿಸಿಕೊಂಡ. ಸಂಜೆ ಅನ್ನಪೂರ್ಣಾ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರು. ಹೆಸರು ಸರಿ, ಸಿದ್ರಾಯ ಮಾಯಪ್ಪ ತೋಟಗಿ. ಫೋಟೋ ಸರಿ. ವಿಳಾಸ ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ. ನವೀಕರಣ 2027ರವರೆಗೆ. ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಅವರ ಕಣ್ಣು ಮೇಲಿನ ಸಾಲಿಗೆ ಹೋಯಿತು.

"ಯಾಸೀನ, ಈ ಮನಷ್ಯಾನ ವಯಸ್ಸೆಷ್ಟು?"

"ಮತದಾರರ ಪಟ್ಟ್ಯಾಗ ಮೂವತ್ತೊಂಬತ್ತ ಐತ್ರಿ ಮೇಡಂ."

"ಲೈಸನ್ಸ್ ಕೊಟ್ಟಿದ್ದು 1984ರಾಗ. ಹುಟ್ಟೂಕಿಂತ ಮೊದಲ ಲೈಸನ್ಸ್ ತಗೊಂಡಾನೇನು?"

ಯಾಸೀನ ಬಗ್ಗಿ ನೋಡಿದ. ಅವನ ಮುಖ ಅರಳಿತು.

ಬುಧವಾರ, 12ನೇ ತಾರೀಖು, ಬೆಳಿಗ್ಗೆ ಹತ್ತೂಕಾಲಿಗೆ ಜೀಪು ಹುಕ್ಕೇರಿ ತಲುಪಿತು. ಅಲ್ಲಿನ ಠಾಣೆಯ ಶಸ್ತ್ರ ಲೈಸೆನ್ಸ್ ರಿಜಿಸ್ಟರಿನಲ್ಲಿ ಆ ಲೈಸೆನ್ಸಿನ ಸಂಖ್ಯೆ ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಸಿದ್ರಾಯ ಮಾಯಪ್ಪ ತೋಟಗಿ, ರೈತ, ಜನ್ಮವರ್ಷ 1941. ಪ್ರತಿ ಚುನಾವಣೆಯಲ್ಲೂ ರಿವಾಲ್ವರನ್ನು ಠಾಣೆಗೆ ಜಮಾ ಮಾಡಿ ಸಹಿ ಹಾಕಿದ್ದರು. ಕೊನೆಯ ಸಾಲು 2021ರದ್ದು: ಲೈಸೆನ್ಸ್‌ದಾರ ಮೃತ. ಶಸ್ತ್ರ ಒಪ್ಪಿಸುವಂತೆ ವಾರಸುದಾರರಿಗೆ ನೋಟಿಸ್. ಮನೆಯಲ್ಲಿ ಹುಡುಕಿದರೂ ಸಿಗಲಿಲ್ಲ ಎಂದು ಮಗ ಮಾಯಪ್ಪನ ಲಿಖಿತ ದೂರು. ಕಳೆದುಹೋದ ಶಸ್ತ್ರ ಎಂದು ದಾಖಲು.

ಅಲ್ಲಿಂದ ನೇರವಾಗಿ ಬೆಲ್ಲದ ಬಾಗೇವಾಡಿಗೆ. ಮಾಯಪ್ಪನಿಗೆ ಅರವತ್ತೈದು ದಾಟಿತ್ತು. ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದವರು ಕೈ ತೊಳೆದುಕೊಂಡು ಬಂದು ಕುಳಿತರು.

"ನಿಮ್ಮ ತಂದಿಯವರ ರಿವಾಲ್ವರ್ ಎಲ್ಲಿ ಹೋತು?"

"ಕಳದೈತ್ರಿ. ಟ್ರಂಕಿನ್ಯಾಗ ಇತ್ತು. ಅಪ್ಪ ತೀರಿದ ಮ್ಯಾಲಿನ ದಿನಕಾರ್ಯ ಮುಗಿಸಿ ನೋಡಿದ್ರ ಇರಲಿಲ್ಲ. ಬರದ ಕೊಟ್ಟೇನಲ್ರಿ."

"ಅವತ್ತ ಮನ್ಯಾಗ ಯಾರ್ಯಾರ ಇದ್ರು?"

"ಬೀಗರು, ಬಳಗ... ಎಲ್ಲಾರೂ ಇದ್ರು."

ಅನ್ನಪೂರ್ಣಾ ಫೋನನ್ನು ಮುಂದೆ ಹಿಡಿದರು. ಮಾಯಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಹೆಸರ ನಮ್ಮಪ್ಪಂದು," ಎಂದರು. "ಮಾರಿ ನನ್ನ ಮಗಂದು."

ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ಅಜ್ಜನ ತಂದೆಯೂ ಮಾಯಪ್ಪ, ಹುಡುಗನ ತಂದೆಯೂ ಮಾಯಪ್ಪ. ಕಾಗದದ ಮೇಲೆ ಇಬ್ಬರೂ ಒಬ್ಬರೇ.

"ಹೇಳಿಕಿ ಕೊಡ್ತೀರೇನು?" ಅನ್ನಪೂರ್ಣಾ ಮೆಲ್ಲಗೆ ಕೇಳಿದರು.

"ಬರಕೋರಿ. ಖರೇನ ಬರಕೋರಿ. ಅದರ ಗುಂಡು ಯಾರರ ಎದಿಗೆ ಬಡದ ಮ್ಯಾಲ ನೀವು ಬಂದಿದ್ರ ನಾ ಏನ ಹೇಳಬೇಕಾಗಿತ್ತು?"

ಸಿದ್ರಾಯನ ಅಂಗಡಿ ಇದ್ದ ಊರಿನಲ್ಲೇ ನಕಲು ತಯಾರಾಗಿರಬೇಕೆಂದು ಗುರುವಾರ ಯಾಸೀನ ಮೂಡಲಗಿಯ ಫೋಟೋ ಸ್ಟುಡಿಯೋಗಳನ್ನು ಒಂದೊಂದಾಗಿ ವಿಚಾರಿಸಿದ. ಮಾರ್ಕೆಟ್‌ನಲ್ಲಿ ಯಾರಿಗೂ ಪೊಲೀಸ್ ಎಂದು ಹೇಳಲಿಲ್ಲ. ನಾಲ್ಕನೆಯ ಸ್ಟುಡಿಯೋದ ಮಾಲೀಕ ಶುಭಮ್ ಚಿತ್ರ ನೋಡಿದ ಕೂಡಲೇ ಗುರುತಿಸಿದ.

"ಇದು ನಾನ ಮಾಡಿದ್ದು. ಸಿದ್ರಾಯ ಅವ್ರು ಬಂದಿದ್ರು. ಅಜ್ಜಂದು ಹಳೇ ಲೈಸನ್ಸ್ ಪುಸ್ತಕ, ನನ್ನ ಫೋಟೋ ಕುಂಡ್ರಿಸಿ, ತಾರೀಖು ಬದಲಿ ಮಾಡಿ ಕೊಡು, ನೆಪ್ಪಿಗೆ ಫ್ರೇಮ್ ಹಾಕಿ ಇಡ್ತೇನಿ ಅಂದ್ರು."

"ಹಳೇ ಫೋಟೋ ಎಲ್ಲೈತಿ?"

ಕಂಪ್ಯೂಟರಿನಲ್ಲಿ ಇನ್ನೂ ಇತ್ತು. ತಲೆಗೆ ಪಟಗ ಸುತ್ತಿದ, ಬಿಳಿ ಮೀಸೆಯ ಮುದುಕ. ಯಾಸೀನ ಗುರುತಿನ ಚೀಟಿ ತೋರಿಸಿ, ಪಂಚರ ಸಮಕ್ಷಮ ಹಾರ್ಡ್ ಡಿಸ್ಕ್ ಜಪ್ತಿ ಮಾಡಿ, ಶುಭಮ್‌ನ ಹೇಳಿಕೆ ಬರೆದುಕೊಂಡು, ಈ ವಿಷಯ ಹೊರಗೆ ಹೋಗಕೂಡದೆಂದು ಎಚ್ಚರಿಸಿದ. ಅಂದು ಸಂಜೆಯೇ ಎಫ್‌ಐಆರ್‌ಗೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡ ಕಲಂ 25 ಮತ್ತು ನಕಲಿ ದಾಖಲೆಯ ಕಲಂಗಳು ಸೇರಿದವು.

ಇನ್ನು ಉಳಿದಿದ್ದು ರಿವಾಲ್ವರ್. ಠಾಣೆಗೆ ಕರೆಸಿದರೆ ಸಿದ್ರಾಯ ಅದನ್ನು ಘಟಪ್ರಭಾ ನದಿಗೆ ಎಸೆದು ಬರುವವನು. ಮನೆಗೆ ನುಗ್ಗಿದರೆ ಬಾಗಿಲ ಹಿಂದೆ ಗುಂಡು ತುಂಬಿದ ಆಯುಧ ಇರುತ್ತದೆ. ಶುಕ್ರವಾರ ಇಡೀ ದಿನ ಅನ್ನಪೂರ್ಣಾ ಅಪಾರ್ಟ್‌ಮೆಂಟಿನ ನಕ್ಷೆ ಮುಂದಿಟ್ಟುಕೊಂಡು ಕುಳಿತರು. ಸಂಜೆ ಶಹನಾಜಬಿಗೆ ಫೋನ್ ಮಾಡಿದರು.

"ನಾಳೆ ಕ್ಲಾಸ್ ಚಾಲೂ ಮಾಡ್ತೀರೇನು?"

"ಹುಡಿಗ್ಯಾರು ಬರಂಗಿಲ್ರಿ ಮೇಡಂ."

"ಹುಡಿಗ್ಯಾರನ್ನ ನಾ ಕರ್ಕೊಂಡ ಬರ್ತೇನಿ. ಸಿದ್ರಾಯ ಬಂದು ಪಿಸ್ತೂಲ ಇಟ್ಟ ಕೂಡ್ಲೆ ನೀವು ಗ್ವಾಡಿ ಕಡೆ ಸರದು ನಿಂದರಬೇಕು. ಉಳಿದಿದ್ದು ನಮ್ಮ ಕೆಲಸ."

ಶನಿವಾರ, 15ನೇ ತಾರೀಖು. ಬೆಳಿಗ್ಗೆ ಒಂಬತ್ತಕ್ಕೆ ಆರು ಹೆಂಗಸರು ಒಬ್ಬೊಬ್ಬರಾಗಿ ಗೇಟು ದಾಟಿ ಒಳಬಂದು ಹೊಲಿಗೆ ಯಂತ್ರಗಳ ಮುಂದೆ ಕುಳಿತರು. ಐವರು ಮಹಿಳಾ ಕಾನ್‌ಸ್ಟೇಬಲ್‌ಗಳು, ಆರನೆಯವರು ಅನ್ನಪೂರ್ಣಾ. ಹಳೆಯ ಕಾಟನ್ ಸೀರೆ, ಕೊರಳಲ್ಲಿ ಅಳತೆಪಟ್ಟಿ. ಯಾಸೀನ ಮತ್ತು ಸತ್ತೆಪ್ಪ ಪಾರ್ಕಿಂಗಿನಲ್ಲಿ ಬೈಕು ಬಿಚ್ಚಿಕೊಂಡು ಕುಳಿತಿದ್ದರು.

ಮೂಡಲಗಿಗೆ ಹೊರಡುವ ಮೊದಲು ಕಂಪೌಂಡು ಸುತ್ತುವುದು ಸಿದ್ರಾಯನ ರೂಢಿ. ಒಂಬತ್ತು ಗಂಟೆ ಮೂವತ್ತೈದಕ್ಕೆ ಯಂತ್ರಗಳ ಸದ್ದು ಅವನ ಕಿವಿಗೆ ಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಲ್ಲಿ ಕರ್ ಕರ್ ಎನ್ನುವ ಹೊಸ ಚಪ್ಪಲಿ. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿದ.

"ಶಹನಾಜಬಾಯಿ, ನಾ ಹೇಳಿದ್ದು ತಿಳೀಲಿಲ್ಲೇನು?"

"ತಿಳೀತ್ರಿ. ಆದ್ರ ಇದು ನನ್ನ ಮನಿ."

ಅವನು ಮುಗುಳ್ನಕ್ಕ. ಸೊಂಟದಿಂದ ರಿವಾಲ್ವರ್ ತೆಗೆದು, ಟೇಬಲ್ ಮೇಲೆ ಹಾಸಿದ್ದ ಹಸಿರು ಲಂಗದ ಬಟ್ಟೆಯ ಮೇಲೆ ಇಟ್ಟ. ಬೆರಳು ಅದರಿಂದ ಒಂದು ಗೇಣು ದೂರ. ಶಹನಾಜಬಿ ಗೋಡೆಯ ಕಡೆ ಸರಿಯಲಿಲ್ಲ. ಎರಡೂ ಕೈಯಿಂದ ಬಟ್ಟೆಯ ತುದಿ ಹಿಡಿದು ತಮ್ಮ ಕಡೆಗೆ ಸರ್ರನೆ ಎಳೆದುಕೊಂಡರು. ರಿವಾಲ್ವರ್ ಬಟ್ಟೆಯೊಂದಿಗೆ ಟೇಬಲಿನ ಅವರ ಬದಿಯ ತುದಿಗೆ ಜಾರಿತು. ಪಕ್ಕದ ಯಂತ್ರದ ಮುಂದೆ ಕುಳಿತಿದ್ದ ಅನ್ನಪೂರ್ಣಾರ ಅಂಗೈ ಅದರ ಮೇಲೆ ಬಿತ್ತು. ಸಿದ್ರಾಯ ಕೈಚಾಚುವಷ್ಟರಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳು ಅವನ ತೋಳು ಹಿಂದಕ್ಕೆ ತಿರುಚಿದ್ದರು. ಯಾಸೀನ ಬಾಗಿಲು ತುಂಬಿ ನಿಂತಿದ್ದ.

"ಲೈಸನ್ಸ್ ಐತ್ರಿ ನಂದು!" ಅವನು ಕೂಗಿದ. ಆ ಕಟ್ಟಡದವರು ಅವನ ದನಿ ಏರಿದ್ದನ್ನು ಕೇಳಿದ್ದು ಅದೇ ಮೊದಲು.

"ಹೌದು. ಹುಟ್ಟೂಕಿಂತ ಎರಡು ವರ್ಷ ಮೊದಲ ತಗೊಂಡಿದ್ದು," ಎಂದರು ಅನ್ನಪೂರ್ಣಾ. ಸಿಲಿಂಡರ್ ಹೊರಳಿಸಿ ನಾಲ್ಕು ಜೀವಂತ ಗುಂಡುಗಳನ್ನು ಹೊರತೆಗೆದರು. "ನಿಮ್ಮನ್ನ ಅರೆಸ್ಟ್ ಮಾಡೇವಿ. ಯಾಕ ಅನ್ನೂದನ್ನ ಓದಿ ಹೇಳ್ತೇನಿ, ಕೇಳ್ರಿ."

ಆಮೇಲೆ ಶಹನಾಜಬಿಯ ಕಡೆ ತಿರುಗಿ ಗದರಿದರು. "ಸರದು ನಿಂದರ್ರಿ ಅಂದಿದ್ನೆಲ್ರಿ?"

"ನನ್ನ ಬಟ್ಟಿ ಮ್ಯಾಲ ಇಟ್ಟಿದ್ರಲ್ರಿ," ಎಂದರು ಶಹನಾಜಬಿ. ಅವರು ನಗುತ್ತಿದ್ದರು. ಅನ್ನಪೂರ್ಣಾರಿಗೂ ನಗು ತಡೆಯಲಾಗಲಿಲ್ಲ.

ಪಂಚನಾಮೆಗೆ ಪಂಚರು ಬೇಕಾಗಿದ್ದರು. ಸತ್ತೆಪ್ಪ ಮೆಟ್ಟಿಲ ಬಳಿ ಹೋಗಿ ಕೇಳುವ ಮೊದಲೇ ಮುತ್ತಪ್ಪ ಇಳಿದು ಬಂದರು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು.

"ನನ್ನ ಸಹಿ ತಗೋರಿ. ಮೊನ್ನೆ ಅರ್ಧಾ ಬಾಗಲಾ ತಗದಿದ್ನಿ. ಇವತ್ತ ಪೂರಾ ತಗದು ಬಂದೇನಿ."

ಹತ್ತೂಕಾಲಿಂದ ಹನ್ನೊಂದೂವರೆಯವರೆಗೆ ವಿಡಿಯೋ ಚಿತ್ರೀಕರಣದೊಂದಿಗೆ ಪಂಚನಾಮೆ ನಡೆಯಿತು. ಸಿದ್ರಾಯನನ್ನು ಜೀಪಿಗೆ ಹತ್ತಿಸುವಾಗ ನಾಲ್ಕೂ ಮಹಡಿಯ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಎರಡನೇ ಮಹಡಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ಕ್ಷಣದಲ್ಲಿ ಅದು ಇಡೀ ಕಟ್ಟಡಕ್ಕೆ ಹಬ್ಬಿತು. ಮಧ್ಯಾಹ್ನ ಮೂರರ ಹೊತ್ತಿಗೆ ಠಾಣೆಯ ಹೊರಗೆ ಇಪ್ಪತ್ತಾರು ಮಂದಿ ಹೇಳಿಕೆ ಕೊಡಲು ಸಾಲು ಹಚ್ಚಿದ್ದರು. ಮಂಗಳವಾರ ಏನೂ ನೋಡಿಲ್ಲ ಎಂದಿದ್ದ ಹತ್ತೂ ಮನೆಯವರು ಅದರಲ್ಲಿದ್ದರು. ಯಾಸೀನ ಒಬ್ಬೊಬ್ಬರಿಗೂ ಕುರ್ಚಿ ಕೊಟ್ಟು ಬರೆದುಕೊಂಡ.

ಪ್ರಕರಣ ನಡೆಸಲು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಕೋರುವ ಪತ್ರ ಸಿದ್ಧಪಡಿಸಿ, ನಾಲ್ಕು ಗಂಟೆಗೆ ಅನ್ನಪೂರ್ಣಾ ಆರೋಪಿಯ ಎದುರು ಕುಳಿತರು.

"ಯಾರರ ಬೆದರಿಕಿ ಇತ್ತೇನು ನಿಮಗ?"

"ಇಲ್ರಿ."

"ಮತ್ತ ಯಾಕ ಬೇಕಾತು?"



"ಸಣ್ಣಾಂವ ಇದ್ದಾಗ ಅಜ್ಜನ ಕೂಡ ಹೊಲಕ್ಕ ಹೋಗ್ತಿದ್ನಿ. ಅಂವ ಬರೂದ ಕಂಡ್ರ ಕಟ್ಟಿ ಮ್ಯಾಲಿನ ಮಂದಿ ಎದ್ದ ನಿಲ್ತಿದ್ರು. ಅದ ಹೆಸರ ನಂದೂ. ನಾ ಬಂದ್ರ ಯಾರೂ ಸರದು ಜಾಗಾ ಸೈತ ಕೊಡ್ತಿದ್ದಿಲ್ಲ. ಪಿಸ್ತೂಲ ಸೊಂಟದಾಗ ಇದ್ದ ಮ್ಯಾಲ ಎಲ್ಲಾರೂ ಎದ್ದ ನಿಂತ್ರು."

"ನಿಮ್ಮ ಅಜ್ಜ ಅದನ್ನ ಮಂದಿಗೆ ಎಷ್ಟ ಸಲ ತೋರಿಸಿದ್ರು?"

ಅವನು ನೆನಪಿಸಿಕೊಳ್ಳಲು ನೋಡಿದ. ಹೊಲದ ದಾರಿ, ಕಟ್ಟೆ, ಮನೆ.

"ಒಮ್ಮೀನೂ ನೋಡಿಲ್ರಿ," ಎಂದ.

ಅನ್ನಪೂರ್ಣಾ ಆ ಮಾತನ್ನು ಅವನು ಹೇಳಿದಂತೆಯೇ ಬರೆದುಕೊಂಡು, ಓದಿ ಹೇಳಿದರು.