ಹದಿಮೂರನೇ ಕ್ಲಾಸು

ಶುಕ್ರವಾರ ಯಾವ ಶರ್ಟ್ ಹಾಕಿಕೊಳ್ಳುವುದು ಎಂಬುದು ಸಣ್ಣ ವಿಷಯವಲ್ಲ. ಒಂದು ಇಡೀ ಮನೆತನದ ಮಾನ ಅದರ ಮೇಲೆ ನಿಂತಿರುತ್ತದೆ. ಮಡೇರಾ ಊರಿನ ಐದನೇ ತರಗತಿಯ ಪೆರ್ಲಾ ಅಡುಗೆಮನೆಯ ಕುರ್ಚಿ ಹತ್ತಿ ನಿಂತು ಸಾರುತ್ತಿದ್ದುದು ಇದನ್ನೇ.

“ಇಡೀ ಕ್ಲಾಸಿಗೆ ಹೇಳಿಬಿಟ್ಟಿದೀನಿ ಅಕ್ಕಾ! ನಮ್ಮಕ್ಕ ಸಾಂತಾ ಬಾರ್ಬರಾ ಯೂನಿವರ್ಸಿಟಿಗೆ ಹೋಗ್ತಾಳೆ, ನಾನು ಅಲ್ಲಿನ ಶರ್ಟ್ ಹಾಕ್ಕೊಂಡು ಬರ್ತೀನಿ ಅಂತ. ಮಿಸ್ ಒಚೋವಾಗೂ ಹೇಳಿದೀನಿ!”

“ನನ್ನನ್ನ ಕೇಳದೆ ಯಾಕೆ ಹೇಳಿದೆ?” ಎಂದಳು ಅಕ್ಕ ಅರಾಸೆಲಿ, ಒಲೆಯ ಮೇಲಿನ ಬೀನ್ಸ್ ಕಲಕುತ್ತಾ.

“ಅವರು ನಿಂಗೆ ಸೀಟು ಕೊಟ್ಟಿದ್ದಾರಲ್ಲ!”

“ಕೊಟ್ಟಿದ್ರು. ಬೇಡ ಅಂತ ಇವತ್ತು ಹೇಳಿಬಿಟ್ಟೆ. ಎರಡು ವರ್ಷ ಇಲ್ಲೇ, ನಮ್ಮೂರ ಕಮ್ಯುನಿಟಿ ಕಾಲೇಜು. ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್. ಕುರ್ಚಿಯಿಂದ ಇಳಿ.”

ಪೆರ್ಲಾ ಇಳಿಯಲಿಲ್ಲ. ಇಳಿದರೆ ಸೋತಂತೆ.

ಪ್ರತಿ ಮೇ ತಿಂಗಳಲ್ಲಿ ಒಂದು ಶುಕ್ರವಾರ ಅವಳ ಶಾಲೆಯ ಮಕ್ಕಳೆಲ್ಲ ಯಾವುದಾದರೂ ಕಾಲೇಜಿನ ಹೆಸರಿರುವ ಶರ್ಟ್ ತೊಟ್ಟು ಆಟದ ಬಯಲನ್ನು ಒಂದು ಸುತ್ತು ಹಾಕಬೇಕು. ಇದರಿಂದ ಮಕ್ಕಳಲ್ಲಿ ಓದಿನ ಆಸೆ ಹುಟ್ಟುತ್ತದೆ ಎಂದು ದೊಡ್ಡವರ ನಂಬಿಕೆ. ಪೆರ್ಲಾಳಲ್ಲಿ ಹುಟ್ಟಿದ್ದು ಹೊಟ್ಟೆಕಿಚ್ಚು.

ಅದಕ್ಕೆ ಕಾರಣ ಪಕ್ಕದ ಮನೆಯ ಇಕೆರ್. ಅವನ ಅಣ್ಣ ಉಲಿಸೆಸ್ ಹೋದ ವರ್ಷವೇ ಸಾಂತಾ ಬಾರ್ಬರಾಕ್ಕೆ ಹೋಗಿದ್ದ. ಅಲ್ಲಿಂದ ತಮ್ಮನಿಗೊಂದು ದಪ್ಪನೆಯ ನೀಲಿ ಸ್ವೆಟ್‌ಶರ್ಟ್ ಕಳಿಸಿದ್ದ. ಎದೆಯ ಮೇಲೆ ಹೊಳೆಯುವ ಹಳದಿ ಅಕ್ಷರಗಳು. ಶುಕ್ರವಾರದವರೆಗೆ ಕಾಯುವ ತಾಳ್ಮೆಯಿಲ್ಲದೆ ಇಕೆರ್ ಅದನ್ನು ಸೋಮವಾರದಿಂದಲೇ ಹಾಕಿಕೊಂಡು ಬರುತ್ತಿದ್ದ. ಬಿಸಿಲಿಗೆ ರಸ್ತೆಯ ಡಾಂಬರೇ ಮೆತ್ತಗಾಗಿತ್ತು. ಇಕೆರ್‌ನ ಮುಖದಿಂದ ಬೆವರು ಇಳಿಯುತ್ತಿತ್ತು. ಪೆರ್ಲಾಳಿಗೆ ಆ ಬೆವರೂ ಬೇಕಾಗಿತ್ತು.

ಮರುದಿನ ಊಟದ ಬಿಡುವಿನಲ್ಲಿ ಅವನೇ ಬಂದು ಎದುರು ಕೂತ.

“ಏ ಪೆರ್ಲಾ, ನಿಮ್ಮಕ್ಕ ಯೂನಿವರ್ಸಿಟಿ ಬೇಡ ಅಂದಳಂತೆ? ನಮ್ಮಮ್ಮ ಹೇಳಿದ್ರು.”

“ಅವಳು ಟ್ರಾನ್ಸ್‌ಫರ್ ಆಗ್ತಾಳೆ.”

“ಎಲ್ಲಿಂದ? ಈ ಊರ ಕಾಲೇಜಿಂದಾನಾ? ಅದು ಕಾಲೇಜೇ ಅಲ್ಲ ಕಣೇ. ಹೈಸ್ಕೂಲು ಹನ್ನೆರಡಕ್ಕೆ ಮುಗಿಯುತ್ತಲ್ಲ, ಅದಾದ ಮೇಲೆ ಎಲ್ಲೂ ಹೋಗದೇ ಇರೋರಿಗೆ ಇದು ಹದಿಮೂರನೇ ಕ್ಲಾಸು.”

“ಯಾರು ಹೇಳಿದ್ದು?”

“ನಮ್ಮಣ್ಣ. ಅವನಿಗೆ ಎಲ್ಲಾ ಗೊತ್ತಿರುತ್ತೆ. ಅವನು ಯೂನಿವರ್ಸಿಟಿ!”

“ಮೊದಲು ಮೂಗು ಒರೆಸ್ಕೋ ಹೋಗೋ, ಯೂನಿವರ್ಸಿಟಿ,” ಎಂದಳು ಪೆರ್ಲಾ. ಆದರೆ ಕೈಯಲ್ಲಿದ್ದ ಸೇಬು ಆಮೇಲೆ ರುಚಿಸಲಿಲ್ಲ.

ಸಂಜೆ ಅಪ್ಪ ತೋಟದಿಂದ ಬಂದು ವಿಷಯ ಕೇಳಿ ನಕ್ಕುಬಿಟ್ಟರು. “ಶರ್ಟ್ ತಾನೇ? ನನ್ನ ಹತ್ರ ನಾಲ್ಕೈದು ಯೂನಿವರ್ಸಿಟಿ ಇವೆ. ಯಾವುದು ಬೇಕೋ ತಗೋ ಪುಟ್ಟಿ.”

ಅಪ್ಪನಿಗೆ ಬಾದಾಮಿ ತೋಟದಲ್ಲಿ ಕೆಲಸ. ಭಾನುವಾರದ ಸಂತೆಯಲ್ಲಿ ಹಳೆ ಬಟ್ಟೆಯ ರಾಶಿಯಿಂದ ಶರ್ಟ್ ಆರಿಸುತ್ತಿದ್ದರು. ಹೊಲಿಗೆ ಎಳೆದು ನೋಡುತ್ತಿದ್ದರೇ ಹೊರತು ಮೇಲೆ ಏನು ಬರೆದಿದೆ ಎಂದು ನೋಡುತ್ತಿರಲಿಲ್ಲ. ಅವರ ಜೊತೆ ಕೆಲಸ ಮಾಡುವವರೂ ಹಾಗೆಯೇ. ಹೀಗಾಗಿ ಆ ತೋಟದಲ್ಲಿ ಕೊಂಬೆ ಸವರುವವರೆಲ್ಲ ದೇಶದ ಹೆಸರಾಂತ ವಿದ್ಯಾಸಂಸ್ಥೆಗಳನ್ನು ಬೆನ್ನ ಮೇಲೆ ಹೊತ್ತು ಓಡಾಡುತ್ತಿದ್ದರು.

ಪೆರ್ಲಾ ಬಟ್ಟೆಯ ಬುಟ್ಟಿಗೆ ಕೈ ಹಾಕಿದಳು. ಮೇಲಿನ ಮೂರನ್ನು ಪಕ್ಕಕ್ಕೆ ಎಸೆದಳು. ನಾಲ್ಕನೆಯದು ನೀಲಿ. ಬಿಡಿಸಿ ಅಕ್ಷರ ಓದಿದಳು.

“ಅಪ್ಪಾ! ಇದು ಸಾಂತಾ ಬಾರ್ಬರಾದ್ದು!”

“ಹೌದಾ?” ಅಪ್ಪ ಬಗ್ಗಿ ನೋಡಿದರು. “ಇದನ್ನ ಹಾಕ್ಕೊಂಡು ಎರಡು ವರ್ಷ ಗಿಡಕ್ಕೆ ಔಷಧಿ ಹೊಡೆದಿದೀನಿ. ಗೊತ್ತೇ ಇರ್ಲಿಲ್ಲ ನೋಡು.”

ಕಂಕುಳಲ್ಲಿ ತೂತಿತ್ತು. ತೋಳು ಮಡಚಿ, ಕೈ ಎತ್ತದೆ ನಡೆದರೆ ಯಾರಿಗೂ ಕಾಣದು. ಅಕ್ಕ ಎಲ್ಲಿಗೆ ಹೋದಳು, ಎಲ್ಲಿಗೆ ಹೋಗಲಿಲ್ಲ ಎಂದು ಶರ್ಟನ್ನು ಯಾರು ಕೇಳುತ್ತಾರೆ? ಪೆರ್ಲಾ ಅದನ್ನು ಒದ್ದೆ ಮಾಡಿ ಉಜ್ಜಿ, ಒಣಗಿಸಲು ಹಿತ್ತಲಿಗೆ ಹೊರಟಳು.

ಹಿತ್ತಲಿನಲ್ಲಿ ಮಾತು ಕೇಳಿಸಿತು. ಬೇಲಿಯ ಆಚೆ ಉಲಿಸೆಸ್ ನಿಂತಿದ್ದ. ಒಂದು ಮೂಟೆ ಕೊಳಕು ಬಟ್ಟೆಯನ್ನು ಅಮ್ಮನ ಮಷಿನ್ನಿಗೆ ಹಾಕಲು ಊರಿಗೆ ಬಂದಿದ್ದ. ಬೇಲಿಯ ಈಚೆ ಅರಾಸೆಲಿ. ಪೆರ್ಲಾ ಮೆಟ್ಟಿಲ ಮೇಲೆಯೇ ನಿಂತಳು.

“ಕೋಣೆ ಕಿಟಕಿ ತೆಗೆದ್ರೆ ಸಮುದ್ರ ಕಣೇ!” ಎನ್ನುತ್ತಿದ್ದ ಉಲಿಸೆಸ್. “ಬೆಳಿಗ್ಗೆ ಹಲ್ಲು ಉಜ್ಜುವಾಗಲೂ ಸಮುದ್ರ ಕಾಣುತ್ತೆ. ನೀನು ಬರಬೇಕಿತ್ತು.”

“ಎಷ್ಟು ಚೆಂದ,” ಎಂದಳು ಅರಾಸೆಲಿ. “ಕೆಮಿಸ್ಟ್ರಿಗೆ ಯಾವ ಪುಸ್ತಕ ಓದಿಸ್ತಾರೆ?”

“ಅದಾ... ನೀಲಿ ಬಣ್ಣದ್ದು.”

“ಮೊದಲ ವರ್ಷ ಎಲ್ಲಿವರೆಗೆ ಮಾಡಿದ್ರು? ಲ್ಯಾಬು ವಾರಕ್ಕೆ ಎಷ್ಟು ಸಲ?”

“ಒಂದು ಸಲ. ಎರಡೂ ಇರಬಹುದು. ನಾನು ಕೆಲವಕ್ಕೆ ಹೋಗಿಲ್ಲ. ಸರ್ಫಿಂಗ್ ಕಲೀತಿದೀನಲ್ಲ!”

ಅರಾಸೆಲಿ ನಕ್ಕಳು. ಆದರೆ ಅವಳ ಬೆರಳುಗಳು ಬೇಲಿಯ ಬಳ್ಳಿಯ ಎಲೆಯೊಂದನ್ನು ಕಿತ್ತು ಎಳೆ ಎಳೆಯಾಗಿ ಸಿಗಿಯುತ್ತಿದ್ದವು. ಒಂದಾದ ಮೇಲೆ ಇನ್ನೊಂದು. ಉಲಿಸೆಸ್ ಒಳಗೆ ಹೋಗುವಷ್ಟರಲ್ಲಿ ಅವಳ ಕಾಲ ಬಳಿ ಹಸಿರು ಚೂರುಗಳ ಗುಡ್ಡೆಯೇ ಬಿದ್ದಿತ್ತು. ಕಿವಿ ಕೆಂಪಗಾಗಿತ್ತು.

ಆ ಕಿವಿಯನ್ನು ಪೆರ್ಲಾ ಬಲ್ಲಳು. ಈ ವಾರವೆಲ್ಲ ತನ್ನ ಕಿವಿಯೂ ಹಾಗೆಯೇ ಬಿಸಿಯಾಗಿತ್ತು.

“ಅಕ್ಕಾ, ನಿಂಗೂ ಹೊಟ್ಟೆಕಿಚ್ಚಾ?”

ಅರಾಸೆಲಿ ತಿರುಗಿದಳು. ಇಲ್ಲ ಎನ್ನಲು ಬಾಯಿ ತೆರೆದವಳು ಯಾಕೋ ಬಂದು ಮೆಟ್ಟಿಲ ಮೇಲೆ ಕೂತಳು.

“ಅವನು ನನಗಿಂತ ಒಂದು ವರ್ಷ ದೊಡ್ಡವನು. ಆದ್ರೂ ಅವನಿಗೆ ಲೆಕ್ಕ ಹೇಳ್ಕೊಟ್ಟಿದ್ದು ನಾನು. ಇದೇ ಮೆಟ್ಟಿಲ ಮೇಲೆ. ಈಗ ಸಮುದ್ರ ನೋಡ್ಕೊಂಡು ಹಲ್ಲು ಉಜ್ತಾನೆ, ಹಲ್ಕಿರುಕ!” ಎಂದಳು. ಆಮೇಲೆ ಮೆಲ್ಲಗೆ, “ಹೂಂ. ಹೊಟ್ಟೆಕಿಚ್ಚೇ. ಇಷ್ಟುದ್ದ.”

“ಮತ್ತೆ ಯಾಕೆ ಹೋಗಲ್ಲ?”

“ಅಲ್ಲಿ ಕೋಣೆ, ಊಟ ಎಲ್ಲ ದುಬಾರಿ. ಅದಕ್ಕೋಸ್ಕರ ರಾತ್ರಿ ಪಾಳಿನೂ ಮಾಡ್ತೀನಿ ಅಂದ್ರು ಅಪ್ಪ. ಸಂಜೆ ಬಂದು ಬೂಟು ಬಿಚ್ಚುವಾಗ ಅವರ ಬೆನ್ನು ನೋಡಿದೀಯಲ್ಲ? ಅವರು ಹಾಗಂದ ಮೇಲೆ ನಂಗೆ ಹೋಗೋಕಾಗಲಿಲ್ಲ.”

ಪೆರ್ಲಾ ನೋಡಿದ್ದಳು. ಬೂಟಿನ ದಾರ ಬಿಚ್ಚುವ ಕೆಲಸ ಅವಳದೇ.

“ಎರಡು ವರ್ಷ ಆದ ಮೇಲೆ ಅವರು ಸೇರಿಸ್ಕೊಳ್ಳದಿದ್ರೆ?”

“ಅದೇ ಭಯ. ಇಲ್ಲಿ ಓದೋ ಒಂದೊಂದು ಪಾಠನೂ ಅಲ್ಲಿ ಒಪ್ತಾರಾ ಅಂತ ಮೊದಲೇ ಕೇಳ್ಕೋಬೇಕು. ಒಪ್ಪದೇ ಇರೋದನ್ನ ಓದಿದ್ರೆ ಅಷ್ಟು ದಿನ ನೀರಲ್ಲಿ ಹೋಮ. ಮಾರ್ಕ್ಸೂ ಬೇಕು. ಅದಕ್ಕೇ ಆ ದಡ್ಡನ್ನ ಪುಸ್ತಕ ಯಾವುದು ಅಂತ ಕೇಳಿದ್ದು.”

“ನೀಲಿ ಬಣ್ಣದ್ದು,” ಎಂದಳು ಪೆರ್ಲಾ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಅರಾಸೆಲಿ ಕಣ್ಣೊರೆಸಿಕೊಂಡಳು. ನಗುವಿಗೆ ಬಂದ ನೀರೇ ಇರಬೇಕು. ಪೆರ್ಲಾ ಕೇಳಲಿಲ್ಲ. ಅಕ್ಕನ ಕಣ್ಣು ತನ್ನ ಕೈಯಲ್ಲಿದ್ದ ಒದ್ದೆ ಶರ್ಟಿನ ಮೇಲೆ ಬಿದ್ದಾಗ ಮಾತ್ರ ಅದನ್ನು ಉಂಡೆ ಮಾಡಿ ಬೆನ್ನ ಹಿಂದೆ ಹಿಡಿದಳು.

“ನಿನ್ನ ಕಾಲೇಜಿನ ಶರ್ಟ್ ಇದೆಯಾ?”

“ಇದೆ. ಹೆಸರು ಬರೆಸೋಕೆ ಹೋದಾಗ ಪುಕ್ಕಟೆ ಕೊಟ್ರು. ಅದರಲ್ಲೊಂದು ಮೊಲ ಇದೆ, ಕಾಲೇಜಿನ ಗುರುತು. ಪ್ರಿಂಟ್ ಕೆಟ್ಟು ಒಂದು ಕಿವಿ ಗಿಡ್ಡ. ನಿಂಗೆ ಇಷ್ಟ ಆಗಲ್ಲ ಬಿಡು.”

ಇಷ್ಟವಾಗಲಿಲ್ಲ, ನಿಜ. ಆದರೂ ಶುಕ್ರವಾರ ಪೆರ್ಲಾ ಹಾಕಿಕೊಂಡು ಹೋದದ್ದು ಅದನ್ನೇ.

ಬಯಲಿನಲ್ಲಿ ಮಿಸ್ ಒಚೋವಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಪೆರ್ಲಾಳ ಮುಂದೆಯೇ ಇಕೆರ್. ಹಿಂತಿರುಗಿ ನೋಡಿದವನೇ ಎಲ್ಲರಿಗೂ ಕೇಳುವಂತೆ ಕೂಗಿದ: “ಲೋ, ಹದಿಮೂರನೇ ಕ್ಲಾಸಿನ ಮೊಲ ನೋಡ್ರೋ!”

ಸಾಲಿನಲ್ಲಿ ನಗು ಎದ್ದಿತು. ಪೆರ್ಲಾಳ ಕಿವಿ ಬಿಸಿಯಾಯಿತು.

“ಹೌದು. ಹದಿಮೂರು, ಹದಿನಾಲ್ಕು ಇಲ್ಲಿ,” ಎಂದು ತನ್ನ ಮೊಲ ಮುಟ್ಟಿಕೊಂಡಳು. ಬೆರಳನ್ನು ಅವನ ಹಳದಿ ಅಕ್ಷರಗಳಿಗೆ ಒತ್ತಿದಳು. “ಹದಿನೈದು ಅಲ್ಲಿ.”

ಇಕೆರ್ ಬೆರಳು ಮಡಚಿ ಎಣಿಸಿದ. ತಪ್ಪು ಸಿಗಲಿಲ್ಲ.

“ಮಧ್ಯದಲ್ಲಿ ಸೇರಿಸ್ಕೋತಾರಾ?”

“ಓದಿದ್ರೆ ಸೇರಿಸ್ಕೋತಾರೆ.”

“ನಮ್ಮಣ್ಣ ಇದನ್ನ ಹೇಳೇ ಇಲ್ಲ.”

“ಅವನು ಸರ್ಫಿಂಗ್ ಮಾಡ್ತಿರ್ತಾನೆ, ಪಾಪ.”

ಸೀಟಿ ಊದಿದರು. ಸಾಲು ಹೊರಟಿತು. ಸುತ್ತು ಮುಗಿಯುವವರೆಗೂ ಪೆರ್ಲಾಳ ಕಣ್ಣು ಆ ನೀಲಿ ಬೆನ್ನನ್ನು ಬಿಡಲಿಲ್ಲ. ಅದು ಈಗಲೂ ಬೇಕೆನಿಸುತ್ತಿತ್ತು, ನಿನ್ನೆ ಬೇಕೆನಿಸಿದಷ್ಟೇ. ಕಾಲೇಜಿನಲ್ಲಿ ಹೆಸರು ಬರೆಸಿ ಮನೆಗೆ ನಡೆದು ಬರುವಾಗ ಅಕ್ಕನಿಗೂ ಹೀಗೇ ಆಗಿರಬೇಕು ಎಂದುಕೊಂಡಳು.

ಆಗಸ್ಟಿನಲ್ಲಿ ಅರಾಸೆಲಿ ಊರಿನ ಕಾಲೇಜಿಗೆ ಸೇರಿದಳು.